ನಾನು ತಿನ್ನದ ಪ್ಯಾನ್‌ಕೇಕು

ಅಡುಗೆಮನೆಯಲ್ಲಿ ನಿಂತವಳು ನಗುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಹಸಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಹೋಮ್‌ಸ್ಟೇಯ ಅಡುಗೆಮನೆಯಾದರೆ ಬುಕಿಂಗ್ ಕೂಡ ಮಾಡಿಸದೆ ಬರುತ್ತದೆ.

ನನ್ನ ತವರು ಶಿರಂಗಾಲದ ಕಡೆ. ಗಂಡ ಕಕ್ಕಬೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಎಸ್ಟೇಟಿನ ಸಾವುಕಾರರು ತಮ್ಮ ಮನೆಯ ಅರ್ಧ ಭಾಗವನ್ನು ಹೋಮ್‌ಸ್ಟೇ ಮಾಡಿದಾಗ ಅಡುಗೆ ನನ್ನ ಪಾಲಿಗೆ ಬಂತು. ಹನ್ನೊಂದು ವರ್ಷವಾಯಿತು. ಮನೆ ಅವರದ್ದು, ತೋಟ ಅವರದ್ದು, ಬೋರ್ಡು ಅವರದ್ದು. ಒಲೆ ಯಾರದ್ದು ಅಂತ ಕೇಳಿದರೆ ಮಾತ್ರ ನಾನು ಯೋಚನೆ ಮಾಡದೆ ನನ್ನದು ಅನ್ನುತ್ತೇನೆ.

ತೆಳು ಅಂದರೆ ತೆಳು

ಎರಡು ವರ್ಷದ ಹಿಂದೆ ಬೆಂಗಳೂರಿನ ಗೆಸ್ಟ್ ಒಬ್ಬರು ಮೂರು ದಿನ ಇದ್ದರು. ದೋಸೆ ತಿಂದರು, ಅಕ್ಕಿ ಶಾವಿಗೆಯ ನೂಪುಟ್ಟು ತಿಂದರು, ಅಕ್ಕಿತರಿ ಉಂಡೆಯ ಕಡಂಬುಟ್ಟು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಊರಿಗೆ ಹೋದಮೇಲೆ ಫೋನಿನಲ್ಲಿ "ತಿಂಡಿಯಲ್ಲಿ ವೆರೈಟಿ ಇಲ್ಲ" ಅಂತ ಬರೆದು ಮೂರು ಸ್ಟಾರ್ ಕೊಟ್ಟರು. ತೋಟಕ್ಕೆ ಆನೆ ನುಗ್ಗಿದಾಗಲೂ ಸಾವುಕಾರರು ಅಷ್ಟು ನೊಂದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, "ಇನ್ಮೇಲೆ ಪ್ಯಾನ್‌ಕೇಕ್" ಅಂದರು.

"ಹಂಗಂದ್ರೆ ಸಾವ್ಕಾರ್ರೇ?"

ಫೋನು ತೋರಿಸಿದರು. "ಇಗೋ, ಈ ದಪ್ಪದ್ದು ಅಮೆರಿಕದವರದ್ದು. ಅದು ನಮಗೆ ಬೇಡ. ಈ ತೆಳ್ಳಗಿರೋದು ಇಂಗ್ಲೆಂಡಿನದ್ದು. ನಮ್ಮದು ಇಂಗ್ಲಿಷ್‌ನವರ ಕಾಲದ ತೋಟ ಅಲ್ವಾ?"

ತೋಟ ಮಾಡಿದ್ದು ಅವರ ಅಜ್ಜ. ಆಗ ದೇಶದಲ್ಲಿ ಇಂಗ್ಲಿಷರು ಇನ್ನೂ ಇದ್ದರು ಅನ್ನುವಷ್ಟು ಮಾತ್ರ ನಿಜ. ಆದರೂ ಸಾವುಕಾರರು ತಮ್ಮ ಅಜ್ಜನನ್ನೇ ಕೇಳಿಕೊಂಡು ಬಂದವರ ಹಾಗೆ ಮುಂದುವರಿಸಿದರು. "ಒಂದೂ ಹರೀಬಾರ್ದು, ಒಂದೂ ಸೀಯಬಾರ್ದು. ಆಗಲ್ಲ ಅಂದ್ರೆ ಈಗಲೇ ಹೇಳು, ಮೈಸೂರಿಂದ ಶೆಫ್ ಕರೆಸ್ತೀನಿ."

ಆ ಶೆಫ್‌ನ ಮುಖ ನಾನು ನೋಡಿಲ್ಲ. ಆದರೂ ಅವನು ನನ್ನ ಒಲೆಯ ಮುಂದೆ ಬಿಳಿ ಟೋಪಿ ಹಾಕಿಕೊಂಡು ನಿಂತ ಹಾಗೆ ಅನಿಸಿ ಹೊಟ್ಟೆ ಉರಿಯಿತು. ಆಗುತ್ತೆ ಅಂದುಬಿಟ್ಟೆ.

ಮಾಡುವುದೇನು ಕಷ್ಟವಲ್ಲ. ಮೈದಾ, ಹಾಲು, ಮೊಟ್ಟೆ, ಚಿಟಿಕೆ ಉಪ್ಪು. ಗಂಟಿಲ್ಲದ ಹಾಗೆ ನೀರಾಗಿ ಕಲಸಿ ಅರ್ಧ ಗಂಟೆ ಬಿಡಬೇಕು. ಕಾದ ಕಾವಲಿಗೆ ಬೆಣ್ಣೆ ಸವರಿ, ಅರ್ಧ ಸೌಟು ಹುಯ್ದು, ಕಾವಲಿಯನ್ನೇ ಎತ್ತಿ ಓಲಾಡಿಸಿದರೆ ಹಿಟ್ಟು ತಾನಾಗಿ ಹರಡುತ್ತದೆ. ನೀರುದೋಸೆಯಲ್ಲಿ ಪಳಗಿದ ಕೈಗೆ ಇದು ಆಟ. ತೊಂದರೆ ಬೇರೆಯದೇ ಇತ್ತು. ನಮ್ಮದು ಮೊಟ್ಟೆ ತಿನ್ನದ ಮನೆ. ಹೊಟ್ಟೆಪಾಡಿನ ಕೆಲಸ ಅಂತ ಒಡೆಯುತ್ತೇನೆ, ಕದಡುತ್ತೇನೆ, ಬಾಯಿಗೆ ಮಾತ್ರ ಇಡುವುದಿಲ್ಲ. ಗಂಡನೂ ಇಡುವುದಿಲ್ಲ. ರುಚಿ ನೋಡುವವರು ಯಾರು?

ಜೀಪ್ ಡ್ರೈವರ್ ಒಪ್ಪಿಕೊಂಡ. ಮಾಕುಟ್ಟದ ಕಡೆಯವನು, ಗೆಸ್ಟ್‌ಗಳನ್ನು ಬೆಟ್ಟದ ಬುಡಕ್ಕೆ ಬಿಟ್ಟು ಬರುವುದು ಅವನ ಕೆಲಸ. ದಿನಾ ಗೆಸ್ಟ್‌ಗಳಿಗಿಂತ ಮೊದಲು ನಾಲ್ಕು ತಿಂದು, "ಸೂಪರ್ ಚೇಚಿ" ಅನ್ನುತ್ತಿದ್ದ. ಚೇಚಿ ಅಂದರೆ ಅವನ ಮಲಯಾಳದಲ್ಲಿ ಅಕ್ಕ. ನನಗೂ ಧೈರ್ಯ ಬಂತು. ಒಂದು ದಿನ ಉಪ್ಪು ಹಾಕಿದ್ದು ಮರೆತು ಎರಡು ಸಲ ಹಾಕಿಬಿಟ್ಟಿದ್ದೆ. ಅವನು ಅವತ್ತೂ ನಾಲ್ಕು ತಿಂದು ಸೂಪರ್ ಅಂದ. ಆಮೇಲೆ ನೋಡಿದರೆ ಊಟದ ಮನೆಯಿಂದ ಪ್ಲೇಟುಗಳೆಲ್ಲ ಹೋದ ಹಾಗೆಯೇ ವಾಪಸು ಬಂದವು.

"ಉಪ್ಪು ಸುರಿದಿದೆಯಂತಲ್ಲೋ, ಹೇಳೋಕೆ ಏನಾಗಿತ್ತು ನಿಂಗೆ?" ಅಂತ ಗದರಿದೆ.

"ಚೆನ್ನಾಗಿಲ್ಲ ಅಂದ್ರೆ ನಾಳೆಯಿಂದ ಬೇರೆಯವರಿಗೆ ಕೊಟ್ಟು ನೋಡ್ತೀರಿ, ಅಲ್ವಾ ಚೇಚಿ?" ಅಂದ.

ಕೊಂಬಿಗೆ ಹೋದದ್ದು

ಇಂಗ್ಲೆಂಡಿನಲ್ಲಿ ಪ್ಯಾನ್‌ಕೇಕನ್ನು ಸಟ್ಟುಗದಲ್ಲಿ ಮಗುಚುವುದಿಲ್ಲ, ಗಾಳಿಯಲ್ಲಿ ಎಸೆದು ಹಿಡಿಯುತ್ತಾರೆ ಅಂತ ಸಾವುಕಾರರಿಗೆ ಅದೇ ಫೋನು ಹೇಳಿಕೊಟ್ಟಿತು. "ಗೆಸ್ಟ್‌ಗಳ ಎದುರಿಗೇ ಮಾಡು" ಅಂತ ಗ್ಯಾಸ್ ಸ್ಟೌವನ್ನು ಊಟದ ಮನೆಗೇ ಎತ್ತಿಸಿಟ್ಟರು.

ಆ ಊಟದ ಮನೆಯ ಗೋಡೆಯ ಮೇಲೆ ಅವರ ಅಜ್ಜನ ಕಾಲದ ಒಂದು ಜಿಂಕೆಯ ತಲೆ ಇದೆ, ಕವಲೊಡೆದ ಕೊಂಬಿನ ಸಮೇತ. ನಾನು ಅಡುಗೆಮನೆಯಲ್ಲಿ ಹತ್ತು ಸಲ ಎಸೆದು ಕಲಿತಿದ್ದೆ. ಆದರೆ ಹತ್ತು ಜನ ಫೋನು ಹಿಡಿದು ಸುತ್ತ ನಿಂತರೆ ಕೈ ಕಾವಲಿಯ ಮಾತು ಕೇಳುವುದಿಲ್ಲ. ಒಂದು, ಎರಡು, ಮೂರು ಅಂತ ಅವರೇ ಎಣಿಸಿದರು. ಎಸೆದೆ. ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ನೋಡಿದರೆ ಜಿಂಕೆಯ ಎಡಗಡೆ ಕೊಂಬಿನಲ್ಲಿ ಒಗೆದು ಹಾಕಿದ ಟವೆಲಿನ ಹಾಗೆ ನೇತಾಡುತ್ತಿದೆ.

ನನಗೆ ನಿಂತಲ್ಲೇ ಇಂಗಿಹೋಗುವಷ್ಟು ನಾಚಿಕೆಯಾಯಿತು. ಸಾವುಕಾರರು ಕೆಮ್ಮಿದರು. ಸುಳ್ಳು ಹೇಳುವ ಮೊದಲು ಅವರು ಯಾವಾಗಲೂ ಒಂದು ಸಲ ಕೆಮ್ಮುತ್ತಾರೆ. ಆಮೇಲೆ ಗಂಭೀರವಾಗಿ, "ಮೊದಲನೇದು ಕಾಡಿಗೆ. ಇದು ನಮ್ಮ ಮನೆತನದ ಪದ್ಧತಿ" ಅಂದರು.

ನಗುತ್ತಿದ್ದವರೆಲ್ಲ ಗಪ್‌ಚಿಪ್ಪಾದರು. ಇಬ್ಬರು ಚಪ್ಪಲಿ ಬಿಟ್ಟರು. ಒಬ್ಬಾಕೆ ಕಣ್ಣು ಮುಚ್ಚಿ ಕೈ ಮುಗಿದರು. ಮೂಲೆಯಲ್ಲಿ ಕೂತಿದ್ದ ಒಬ್ಬರು ತಮ್ಮ ಪ್ಲೇಟಿನಲ್ಲಿದ್ದ ಪ್ಯಾನ್‌ಕೇಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಂತು, "ಗೆಸ್ಟ್‌ಗಳೂ ಎಸೀಬಹುದಾ, ಇಲ್ಲ ಮನೆಯವರು ಮಾತ್ರವಾ?" ಅಂತ ಕೇಳಿದರು.

ಮನೆತನದ ಟಾಪಿಂಗು

ಬರಿಯ ಪ್ಯಾನ್‌ಕೇಕನ್ನು ಯಾರು ತಿನ್ನುತ್ತಾರೆ? ಮೇಲಿಂದ ಏನಾದರೂ ಬೇಕು. ಇಂಗ್ಲೆಂಡಿನವರು ನಿಂಬೆರಸ ಹಿಂಡಿ ಸಕ್ಕರೆ ಉದುರಿಸುತ್ತಾರಂತೆ. ಅಷ್ಟಕ್ಕೆ ನಿಲ್ಲಿಸಿದರೆ ಹೋಮ್‌ಸ್ಟೇ ಹೇಗಾಗುತ್ತದೆ? "ನಮ್ಮ ಕುಟುಂಬದ ನೆಚ್ಚಿನ ಟಾಪಿಂಗ್ಸ್" ಅಂತ ಕಾರ್ಡು ಹೊಡೆಸುವುದು ಅಂತಾಯಿತು. ಅಲ್ಲಿಯವರೆಗೆ ಆ ಕುಟುಂಬದಲ್ಲಿ ಒಬ್ಬರೂ ಪ್ಯಾನ್‌ಕೇಕು ತಿಂದಿರಲಿಲ್ಲ. ಅದಕ್ಕೇ ನೆಚ್ಚಿನದು ಯಾವುದು ಅಂತ ತೀರ್ಮಾನಿಸಲು ಮೀಟಿಂಗು ಕೂತರು.

ಸಾವುಕಾರರು "ತೋಟದ ಜೇನು" ಅಂದರು. ಜೇನು ತೋಟದ್ದೇ, ಯಾರ ತೋಟದ್ದು ಅಂತ ಕಾರ್ಡಿನಲ್ಲಿ ಬರೆಸಲಿಲ್ಲ ಅಷ್ಟೆ. ನಾನು ಏಲಕ್ಕಿ ಹಾಕಿದ ಕಾಯಿಬೆಲ್ಲ ಅಂದೆ. ಕಾರ್ಡಿನಲ್ಲಿ ಅದರ ಕೆಳಗೆ "ನಮ್ಮ ಅಡುಗೆಯಾಕೆಯ ಬಾಲ್ಯದ ಪ್ಯಾನ್‌ಕೇಕ್ ನೆನಪು" ಅಂತ ಅಚ್ಚಾಗಿ ಬಂತು. ಸಾವುಕಾರರ ತಾಯಿ, ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ, ಅವರಿಗೆ ಎಂಬತ್ತು ದಾಟಿದೆ. ಅವರು ನಿಂಬೆಹಣ್ಣಿನ ಮಾತು ಕೇಳಿ ಮುಖ ಸಿಂಡರಿಸಿದರು. "ಹುಳಿ ಬೇಕು ಅಂದ್ರೆ ಮನೇಲಿ ಕಾಚಂಪುಳಿ ಇಲ್ವಾ?"

ಕಾಚಂಪುಳಿ ಅಂದರೆ ಇಲ್ಲಿ ಹಂದಿ ಸಾರಿಗೆ ಹಾಕುವ ಹುಳಿ. ಕಾಡಿನ ಹಣ್ಣಿನ ರಸವನ್ನು ಕಪ್ಪಗಾಗುವ ತನಕ ಕಾಯಿಸಿ ಇಳಿಸಿದ್ದು, ದೊಡ್ಡ ಪಾತ್ರೆಗೆ ಒಂದು ಚಮಚ ಬಿದ್ದರೆ ಸಾಕು. ದೊಡ್ಡಮ್ಮನ ಮಾತಿಗೆ ಎದುರಾಡುವವರು ಯಾರೂ ಇಲ್ಲವಾದ್ದರಿಂದ ಅದೂ ಒಂದು ಪುಟ್ಟ ಬಟ್ಟಲಲ್ಲಿ ಮೇಜಿಗೆ ಬಂತು.

ಮೊದಲನೆಯ ಭಾನುವಾರವೇ ಒಬ್ಬ ಗೆಸ್ಟ್, ಕಾಫಿಯಿಂದ ಹಿಡಿದು ಕಾಡುಕೋಣದವರೆಗೆ ನಮಗೇ ಪಾಠ ಹೇಳುತ್ತಿದ್ದವರು, ಕಾರ್ಡು ಓದದೆ ಆ ಕಪ್ಪು ಬಟ್ಟಲನ್ನು ಎತ್ತಿ ಇಡಿಯಾಗಿ ಪ್ಯಾನ್‌ಕೇಕಿನ ಮೇಲೆ ಸುರಿದುಕೊಂಡರು. ನಾನು ಅಯ್ಯೋ ಅನ್ನುವಷ್ಟರಲ್ಲಿ ಸುರುಳಿ ಸುತ್ತಿ ಬಾಯಿಗೆ ಹಾಕಿದ್ದರು. ಕೆನ್ನೆ ಎರಡೂ ಒಳಗೆ ಹೋದವು. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹೆಂಡತಿ ಪಕ್ಕದಲ್ಲಿ, ಹೊಸ ಬೀಗರು ಎದುರಿನಲ್ಲಿ, ಉಗುಳುವ ಹಾಗಿಲ್ಲ. ನುಂಗಿದರು. ನೀರು ಕುಡಿದರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಹೇಳಿದರು: "ಡಾರ್ಕ್ ಚಾಕ್ಲೇಟ್. ನೈಂಟಿ ಪರ್ಸೆಂಟ್ ಇರಬೇಕು, ಅಲ್ವಾ?"

ಅತ್ತೆಯ ತೀರ್ಪು

ಇದು ಚಿಕ್ಕದು. ಶಿರಂಗಾಲದ ಪಕ್ಕದ ಊರಿನಿಂದ ನಮ್ಮತ್ತೆ ಬಂದಿದ್ದರು. ಸೊಸೆ ಇಂಗ್ಲಿಷ್ ತಿಂಡಿ ಮಾಡುತ್ತಾಳೆ ಅನ್ನುವ ಸುದ್ದಿ ಊರು ತಲುಪಿತ್ತು. ನಾನು ಆಳುಗಳ ಲೈನು ಮನೆಗಳ ಪಕ್ಕದ ನಮ್ಮ ಮನೆಯಲ್ಲಿ ಮೊಟ್ಟೆಯಿಲ್ಲದೆ, ಗೋಧಿಹಿಟ್ಟಿಗೆ ಹಾಲು ಹಾಕಿ, ಜೀವ ತೇದು ಆರು ಪ್ಯಾನ್‌ಕೇಕು ಮಾಡಿದೆ. ಒಂದು ಮಡಚಿಕೊಂಡಿತು, ಒಂದು ತೂತಾಯಿತು, ಒಂದು ಬೇಯಲಿಲ್ಲ. ಅತ್ತೆ ಆರನ್ನೂ ಹುಚ್ಚೆಳ್ಳು ಪುಡಿ ಹಚ್ಚಿಕೊಂಡು ಖಾಲಿ ಮಾಡಿ, ಕೈ ತೊಳೆದು, ಸಮಾಧಾನವಾಗಿ ಹೇಳಿದರು.

"ಇದನ್ನ ಕಲಿಸೋಕೆ ಇಂಗ್ಲಿಷ್‌ನವರು ಬರಬೇಕಿತ್ತೇನೇ? ಮದುವೆಯಾದ ಹೊಸತರಲ್ಲಿ ನೀನು ದೋಸೆ ಅಂತ ಮಾಡ್ತಿದ್ದುದು ಇದೇ ಅಲ್ವಾ?"

ಕುರ್ಚಿಯ ಮೇಲೆ ನಾನು

ಕಳೆದ ತಿಂಗಳು ಒಬ್ಬ ನಿಜವಾದ ಇಂಗ್ಲಿಷ್ ಅಜ್ಜಿ ಬಂದರು. ಎಪ್ಪತ್ತು ದಾಟಿದ ಹೆಂಗಸು, ತಡಿಯಂಡಮೋಳ್ ಬೆಟ್ಟ ಹತ್ತಲು ಹೋಗಿ, ಅರ್ಧದಲ್ಲಿ ಮಂಡಿ ಹಿಡಿದುಕೊಂಡು ವಾಪಸಾದವರು. ಅದೇ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಹುಡುಗಿ, ಕೋಲಿಗೆ ಸಿಕ್ಕಿಸಿದ ಫೋನಿನ ಜೊತೆ ಬಂದಿದ್ದಳು. ಅವಳು ತಿಂದದ್ದನ್ನು ಲಕ್ಷಾಂತರ ಜನ ನೋಡುತ್ತಾರಂತೆ. ನಾವು ತಿಂದರೆ ನೊಣವೂ ನೋಡುವುದಿಲ್ಲ.

ಸಾವುಕಾರರು ಬೆಳಿಗ್ಗೆಯೇ ನನ್ನನ್ನು ಕರೆದರು. ಮೈಸೂರಿನ ಶೆಫ್‌ನನ್ನು ಸೋಮವಾರ ಬರಲು ಹೇಳಿದ್ದಾರಂತೆ. "ಇವತ್ತಿನ ವಿಡಿಯೋ ಚೆನ್ನಾಗಿ ಬಂದ್ರೆ ಅವನಿಗೆ ಬೇಡ ಅಂತೀನಿ. ಇಲ್ಲಾಂದ್ರೆ ಸೋಮವಾರದಿಂದ ಒಲೆ ಅವನದ್ದು, ನೀನು ತರಕಾರಿ ಹೆಚ್ಕೊಡು."

ಹನ್ನೊಂದು ವರ್ಷ ನಿಂತ ಜಾಗದಲ್ಲಿ ಇನ್ನೊಬ್ಬನಿಗೆ ಈರುಳ್ಳಿ ಹೆಚ್ಚಿಕೊಡುವುದು. ಅವತ್ತು ನಾನು ಮಾಡಿದ ಹಾಗೆ ಪ್ಯಾನ್‌ಕೇಕು ನಾನೇ ಯಾವತ್ತೂ ಮಾಡಿಲ್ಲ. ಹದಿನಾಲ್ಕು ಹುಯ್ದೆ, ಒಂದೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ. ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣಬೇಕು, ಅಷ್ಟು ತೆಳು. ಇಂಗ್ಲಿಷ್ ಅಜ್ಜಿ ನಿಂಬೆ ಹಿಂಡಿ ಸಕ್ಕರೆ ಉದುರಿಸಿಕೊಂಡು ನಾಲ್ಕು ತಿಂದರು. ಸಾವುಕಾರರು ಗೆದ್ದವರ ಹಾಗೆ ಮೀಸೆ ಸವರಿಕೊಂಡರು.

ಆಗ ಆ ಫೋನಿನ ಹುಡುಗಿ ಕಾರ್ಡು ಓದಿ, ಒಂದನ್ನು ಕಾಯಿಬೆಲ್ಲ ಹಾಕಿ ಸುತ್ತಿ, ನನ್ನ ಬಾಯಿಯ ಹತ್ತಿರ ತಂದಳು. "ಆಂಟಿ, ನಿಮ್ಮ ಬಾಲ್ಯದ ನೆನಪು. ಒಂದು ಕಚ್ಚಿ, ಶೂಟ್ ಮಾಡ್ಕೋತೀನಿ."

ಸಾವುಕಾರರು ಕಣ್ಣಲ್ಲೇ ತಿನ್ನು ತಿನ್ನು ಅಂದರು. ಒಲೆ ಬೇಕು ಅಂದರೆ ತಿನ್ನಬೇಕು. ನಾನು ಒಂದು ಹೆಜ್ಜೆ ಹಿಂದೆ ಸರಿದು, "ಬ್ಯಾಡ ಕಣವ್ವ. ಅದ್ರಲ್ಲಿ ಮೊಟ್ಟೆ ಐತೆ. ನಾನು ಯಾವತ್ತೂ ತಿಂದಿಲ್ಲ" ಅಂದೆ.

"ಯಾವತ್ತೂ?" ಅಂದಳು ಹುಡುಗಿ. "ಮತ್ತೆ ಕಾರ್ಡಿನಲ್ಲಿ?"

ಸಾವುಕಾರರು ಕೆಮ್ಮಿದರು, ಆದರೆ ಆ ಸಲ ಕೆಮ್ಮಿನ ಹಿಂದೆ ಏನೂ ಬರಲಿಲ್ಲ. ಇಂಗ್ಲಿಷ್ ಅಜ್ಜಿ ಏನಾಯಿತು ಅಂತ ಕೇಳಿದರು. ಹುಡುಗಿ ಹೇಳಿದಳು. ಅಜ್ಜಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದಳು. "ಅವರಮ್ಮ ತಿಂದಿದ್ದನ್ನೂ ಅವರು ಯಾವತ್ತೂ ನೋಡಿಲ್ಲವಂತೆ. ಐದು ಜನ ಮಕ್ಕಳಂತೆ. ಎಲ್ಲರಿಗೂ ಹಾಕೋ ಹೊತ್ತಿಗೆ ಹಿಟ್ಟು ಮುಗಿದಿರ್ತಿತ್ತಂತೆ."

ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಎದ್ದು ಬಂದು, ನನ್ನ ತೋಳು ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಒಲೆಯ ಮುಂದೆ ನಿಂತರು. ಮೊಟ್ಟೆ ಬೇಡ ಅಂತ ಅವರೇ ಕೈಯಾಡಿಸಿದರು. ಮೊಟ್ಟೆ ಸೋಕದ ನನ್ನ ದೋಸೆ ಕಾವಲಿಯನ್ನು ಡ್ರೈವರ್ ತಂದುಕೊಟ್ಟ. ಹಾಲು, ಮೈದಾ, ಉಪ್ಪು. ಮೊದಲನೆಯದು ಕಾವಲಿಗೇ ಅಂಟಿಕೊಂಡಿತು. ಎರಡನೆಯದನ್ನು ಎತ್ತಿದಾಗ ಅರ್ಧ ಮಾತ್ರ ಬಂತು. ಉರಿ ಸಣ್ಣ ಮಾಡಿ ಅಂತ ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು, ಸುಮ್ಮನಿದ್ದೆ. ಮೂರನೆಯದು ನಾಲ್ಕು ತುಂಡಾಗಿ, ಒಂದು ಅಂಚು ಕರಿಕಲಾಗಿ, ಹೇಗೋ ಪ್ಲೇಟು ಸೇರಿತು. ಅಜ್ಜಿ ಅದರ ಮೇಲೆ ನಿಂಬೆ ಹಿಂಡಿ, ಸಕ್ಕರೆ ಹಾಕಿ, ನನ್ನ ಮುಂದಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

ಹನ್ನೊಂದು ವರ್ಷದಲ್ಲಿ ಆ ಊಟದ ಮನೆಯ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. ತಿಂದೆ. ಅಂಚು ಸೀದಿತ್ತು, ನಡುವೆ ಹಸಿಯಿತ್ತು. ಆದರೆ ಬಿಸಿಯಿತ್ತು, ಮತ್ತು ಇನ್ನೊಬ್ಬರು ಮಾಡಿ ಬಡಿಸಿದ್ದಾಗಿತ್ತು. ಕಣ್ಣಲ್ಲಿ ನೀರು ಬಂತು. ಫೋನು ನನ್ನ ಮೂಗಿನ ಹತ್ತಿರವೇ ಇತ್ತು.

"ಹೇಗಿದೆ ಆಂಟಿ?"

"ಇನ್ನೊಂದು ಹಾಕ್ತಾರಾ ಕೇಳವ್ವ" ಅಂದೆ.

ಆ ವಿಡಿಯೋವನ್ನು ಎಷ್ಟು ಜನ ನೋಡಿದರೋ ನನಗೆ ಗೊತ್ತಿಲ್ಲ, ಸಾವುಕಾರರ ಫೋನು ಮಾತ್ರ ಮೂರು ದಿನ ಬಾಯಿ ಮುಚ್ಚಲಿಲ್ಲ. ಶೆಫ್‌ಗೆ ಬರಬೇಡ ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಒಲೆಗೆ ವಿಭೂತಿ ಹಚ್ಚಿ, ಮರುದಿನಕ್ಕೆ ಹಿಟ್ಟು ಕಲಸಲು ಕೂತೆ. ಆಗ ಸಾವುಕಾರರು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಈ ವಾರ ಬರೋರೆಲ್ಲ ಆ ಅಜ್ಜಿ ಮಾಡಿದ್ದೇ ಬೇಕು ಅಂತಿದ್ದಾರೆ. ನಾಳೆಯಿಂದ ಹರಿದದ್ದೇ ಕೊಡು" ಅಂದರು.

ಎರಡು ವರ್ಷ ಹರಿಯದ ಹಾಗೆ ಹುಯ್ಯಲು ಕಲಿತ ಕೈಯನ್ನು ನೋಡಿಕೊಂಡೆ. "ಹೆಂಗೆ ಹರೀಬೇಕು ಸಾವ್ಕಾರ್ರೇ?"

ಅವರು ವಿಡಿಯೋ ನಿಲ್ಲಿಸಿ, ಬೆರಳಲ್ಲಿ ಹಿಗ್ಗಿಸಿ ತೋರಿಸಿದರು. "ಇಗೋ ನೋಡು, ಈ ಕಡೆ ಎರಡು ತುಂಡು, ಆ ಕಡೆ ಎರಡು. ಈ ಅಂಚು ಸ್ವಲ್ಪ ಸೀಯಬೇಕು." ಆಮೇಲೆ ನನ್ನ ಮುಖ ನೋಡಿ ಏನನಿಸಿತೋ, ಸಮಾಧಾನ ಹೇಳುವವರ ಹಾಗೆ ದನಿ ತಗ್ಗಿಸಿದರು. "ಒಂದೇ ಸಲಕ್ಕೆ ಬರಲ್ಲ, ನಂಗೊತ್ತು. ಎರಡು ದಿನ ಪ್ರ್ಯಾಕ್ಟೀಸ್ ಮಾಡ್ಕೋ."