ನಲ್ಲಿ ನೀರು, ಖಾಲಿ ಸೈಟು ಮತ್ತು ನನ್ನ ಎಸ್ಸೆಸ್ಸೆಲ್ಸಿ

ಒಂದೇ ಒಂದು ಸಲ ಯಾರಿಗಾದ್ರೂ ಲೆಕ್ಕ ಹೇಳಿಕೊಟ್ಟು ನೋಡಿ. ಆಮೇಲೆ ನಿಮ್ಮ ಮನೆ ಬಾಗಿಲಿಗೆ ಚಿಲಕ ಇದ್ದೂ ಇಲ್ಲದ ಹಾಗೆ. ಈಗಲೂ ಮದುವೆ ಮನೆಗೆ ಹೋದ್ರೆ ಯಾರಾದರೊಬ್ಬರು ಮಗಳನ್ನ ಎಳ್ಕೊಂಡು ಬಂದು, "ಇವಳಿಗೆ ಆಲ್ಜೀಬ್ರಾ ತಲೆಗೇ ಹತ್ತಲ್ಲ, ಎಲೆ ಹಾಕೋವರೆಗೂ ಸ್ವಲ್ಪ ನೋಡಿ" ಅಂತಾರೆ. ಈ ಚಟ ನನಗೆ ಅಂಟಿಕೊಂಡಿದ್ದು ಎಂಬತ್ತರ ದಶಕದಲ್ಲಿ, ಗೋವಿಂದರಾಜನಗರದ ಒಂದು ವಠಾರದಲ್ಲಿ, ನಾನು ಎಸ್ಸೆಸ್ಸೆಲ್ಸಿ ಓದುವಾಗ.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸ್ಕೂಲು ಶುರುವಾದ ದಿನವೇ ಹೇಳಿಬಿಟ್ಟಿದ್ದರು: "ಫಸ್ಟ್ ಕ್ಲಾಸ್ ಬಂದ್ರೆ ಪಿಯುಸಿ ಸೈನ್ಸು. ಇಲ್ಲಾಂದ್ರೆ ಮೂಲೆ ಮನೆ ಟೈಪಿಂಗ್ ಇನ್‌ಸ್ಟಿಟ್ಯೂಟು." ನನಗೋ ಲೆಕ್ಕ ಅಂದ್ರೆ ಪ್ರಾಣ, ಲೆಕ್ಕದ ಮೇಡಂ ಆಗಬೇಕು ಅಂತ ಆಸೆ. ಆ ಮೂಲೆ ಮನೆಯ ಟಕಟಕ ಸದ್ದು ಕೇಳಿದ್ರೇ ಕಿವಿ ಮುಚ್ಚಿಕೊಂಡು ಓಡ್ತಿದ್ದೆ. ಅಂದಹಾಗೆ ಅಪ್ಪನೂ ಬಡ್ತಿಗೆ ಅಂತ ವರ್ಷಾ ವರ್ಷ ಇಲಾಖೆ ಪರೀಕ್ಷೆ ಕಟ್ತಾ ಇದ್ದರು. ಅದರ ರಿಸಲ್ಟ್ ಬಗ್ಗೆ ಮನೇಲಿ ಯಾರೂ ಬಾಯಿ ಬಿಡಬಾರದು ಅನ್ನೋದು ಅಲಿಖಿತ ಕಾನೂನು.

೧. ಪ್ರಮೇಯಕ್ಕೊಂದು ಕೊಡ

ಮೊದಲು ಬಂದವಳು ಮಹಡಿ ಮೇಲಿನ ಓನರ್ ಮಗಳು. ಅವಳ ಬೆನ್ನಿಗೇ ಬಸ್ ಸ್ಟಾಪಿನಲ್ಲಿ ಹೂವಿನ ಅಂಗಡಿ ಇಟ್ಟವರ ಮಗಳು. ಇಬ್ಬರೂ ನನ್ನ ಕ್ಲಾಸು, ಇಬ್ಬರಿಗೂ ಲೆಕ್ಕ ಅಂದ್ರೆ ಜ್ವರ. ದಿನಾ ಸಂಜೆ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ 'ಕಂಬೈನ್ಡ್ ಸ್ಟಡಿ' ಶುರುವಾಯ್ತು. ಕಂಬೈನ್ಡ್ ಅಂದ್ರೆ, ನಾನು ಹೇಳೋದು, ಅವರಿಬ್ಬರೂ ಸೇರಿ ಮರೆಯೋದು.

ಅಮ್ಮ ಅಡುಗೆಮನೆಗೆ ಕರೆದು ಉಗಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ! ನಿನ್ನ ಪುಸ್ತಕ ಯಾವಾಗ ತೆಗೀತೀಯೇ?"

ಅಮ್ಮನ ಮಾತೂ ಸರಿಯೇ. ಆದ್ರೆ ನಮ್ಮ ವಠಾರದಲ್ಲಿ ನೀರಿನ ವಾಲ್ವ್ ಇದ್ದದ್ದು ಓನರ್ ಆಂಟಿ ಕೈಲಿ. ಆಯಮ್ಮ ಒಂದಿನ ಕಿಟಕೀಲಿ ಇಣುಕಿದರೆ, ಮಗಳು ಪುಸ್ತಕ ಹಿಡಿದು ಕೂತಿದ್ದಾಳೆ! ಪುಸ್ತಕ ತಲೆಕೆಳಗಾಗೇನೂ ಇರಲಿಲ್ಲ. ಆಂಟಿಗೆ ಕಣ್ಣಲ್ಲಿ ನೀರೇ ಬಂತು. "ಇವರ ಪಾಠ ಮುಗಿಯೋವರೆಗೂ ನಲ್ಲಿ ಬಿಟ್ಟಿರ್ತೀನಿ, ಹಿಡ್ಕೊಳ್ರೀ" ಅಂದರು. ಅಮ್ಮ ಕೊಡ, ಬಕೆಟ್ಟು, ಹಂಡೆ, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಿದಳು.

ಮಾರನೇ ದಿನ ನಾನು ಬುದ್ಧಿ ಬಂದವಳ ಹಾಗೆ ಪಾಠ ಬೇಗ ಮುಗಿಸಿ, ನನ್ನ ಸಮಾಜದ ಪುಸ್ತಕ ತೆಗೆದೆ. ಅಮ್ಮ ಹಿತ್ತಲಿಂದ ಓಡಿ ಬಂದಳು. "ಆಗಲೇ ಮುಗೀತಾ? ಇನ್ನೊಂದು ಪ್ರಮೇಯ ಹೇಳ್ಕೊಡೇ, ಬೆಡ್‌ಶೀಟು ಒಗೆಯೋದಿದೆ!"

೨. ನಾಯಿಗೆ ಅರ್ಧ ಮಾರ್ಕು

ಹೂವಿನ ಹುಡುಗಿಗೆ ಲಂಬಕೋನ ತ್ರಿಭುಜ ಹೇಳಿಕೊಡೋಷ್ಟರಲ್ಲಿ ನನ್ನ ಗಂಟಲು ಒಣಗಿಹೋಯ್ತು. "ಎ, ಬಿ, ಸಿ ಅಂತೀಯಲ್ಲ, ಇವೆಲ್ಲ ಎಲ್ಲಿವೆ ಕಣೇ? ನಾನು ಯಾವತ್ತೂ ನೋಡಿಲ್ಲ" ಅಂತ ಅವಳ ವಾದ.

ಕೊನೆಗೆ ನಾನೇ ಸೋತು, "ನೋಡು, ಎ ಅಂದ್ರೆ ನಿಮ್ಮ ಅಂಗಡಿ, ಬಿ ಅಂದ್ರೆ ರಸ್ತೆ ತಿರುವು, ಸಿ ಅಂದ್ರೆ ನಮ್ಮ ಸ್ಕೂಲು. ನೀನು ರಸ್ತೆ ಹಿಡಿದು ಹೋಗ್ತೀಯೋ, ಖಾಲಿ ಸೈಟಿನ ಮೇಲೆ ಅಡ್ಡ ಹಾಯ್ತೀಯೋ?" ಅಂದೆ.

"ಖಾಲಿ ಸೈಟು. ಅದೇ ಹತ್ತಿರ."

"ಆ ಖಾಲಿ ಸೈಟೇ ವಿಕರ್ಣ!"

ಅವಳ ಮುಖ ಅರಳಿದ್ದು ನೋಡಬೇಕಿತ್ತು. ನನಗೂ ಅಷ್ಟೇ ಖುಷಿ. ಪ್ರಿಪರೇಟರಿ ಪರೀಕ್ಷೆಯಲ್ಲಿ ಅದೇ ಪ್ರಮೇಯ ಬಂತು. ಪೇಪರ್ ಕೊಡುವ ದಿನ ಲೆಕ್ಕದ ಮೇಷ್ಟ್ರು ಅವಳ ಉತ್ತರ ಜೋರಾಗಿ ಓದಿದರು. ಸಾಧನೆ ಎಲ್ಲಾ ಸರಿಯಾಗಿತ್ತು, ಕೊನೆ ಸಾಲು ಮಾತ್ರ ಹೀಗಿತ್ತು: 'ಆದ್ದರಿಂದ ಖಾಲಿ ಸೈಟಿನ ಮೇಲೆ ಹೋಗುವುದೇ ಹತ್ತಿರ. ಆದರೆ ಅಲ್ಲಿ ನಾಯಿ ಇದೆ.'

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಪ್ರಮೇಯಕ್ಕೆ ಪೂರ್ತಿ ಕೊಟ್ಟಿದೀನಮ್ಮ. ನಾಯಿಗೆ ಅರ್ಧ ಮಾರ್ಕು ಕಟ್."

೩. ಬಾಡಿಗೆಗೆ ಬಂದವರು

ನಗ್ತಾ ಇದ್ದ ನನಗೆ ಆಮೇಲೆ ಸಮಾಜದ ಪೇಪರ್ ಕೈಗೆ ಬಂತು. ನಗು ಅಲ್ಲೇ ನಿಂತುಹೋಯ್ತು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು, ಸಮಾಜದಲ್ಲಿ ಜಸ್ಟ್ ಪಾಸು. ಹೀಗೇ ಆದ್ರೆ ಫಸ್ಟ್ ಕ್ಲಾಸ್ ಕನಸಲ್ಲೇ. ಅಪ್ಪ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೂಲೆ ಮನೆಗೆ ಹೋಗಿ, ಬ್ಯಾಚು ಯಾವಾಗ ಶುರು ಅಂತ ವಿಚಾರಿಸಿಕೊಂಡು ಬಂದರು. ನಾನು ದಿಂಬಿಗೆ ಮುಖ ಒತ್ತಿ ಅತ್ತೆ. ಗೆಳತಿಯರಿಗೆ ಹೇಳಿಕೊಟ್ಟಿದ್ದಕ್ಕೆ ಬೇಜಾರಿರಲಿಲ್ಲ, ನನ್ನ ಲೆಕ್ಕ ಕೈಬಿಟ್ಟುಹೋಗುತ್ತಲ್ಲ ಅಂತಲೇ ಅಳು.

ಸಂಜೆ ಗೆಳತಿಯರು ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತು, "ಅವಳು ಮನೇಲಿಲ್ಲ" ಅಂದರು. ನಾನು ಅವರ ಹಿಂದೆಯೇ ಮೂಗು ಒರೆಸಿಕೊಳ್ತಾ ನಿಂತಿದ್ದೆ.

ಹೂವಿನ ಹುಡುಗಿ ಜಗ್ಗಲಿಲ್ಲ. "ಅಂಕಲ್, ಇವತ್ತು ನಾವು ಕಲಿಯೋಕೆ ಬಂದಿಲ್ಲ. ಕಲಿಸೋಕೆ ಬಂದಿದೀವಿ" ಅಂತ ಅಪ್ಪನ ತೋಳಿನ ಕೆಳಗೆ ತೂರಿ ಒಳಗೆ ಬಂದೇಬಿಟ್ಟಳು.

ಸ್ಕೂಲಿಲ್ಲದ ಹೊತ್ತೆಲ್ಲ ಅಂಗಡೀಲಿ ಕೂತು ಬೀದಿಯ ಸುದ್ದಿಯೆಲ್ಲ ಕೇಳಿಸಿಕೊಳ್ಳೋ ಹುಡುಗಿ ಅವಳು. ಅವಳಿಗೆ ಇತಿಹಾಸ ಅಂದ್ರೆ ವಠಾರದ ಜಗಳ. ಯಾರು ಯಾರ ಸೈಟು ಒತ್ತಿದರು, ಯಾರು ಯಾರ ಹತ್ತಿರ ಮಾತು ಬಿಟ್ಟರು, ಅಷ್ಟೇ. ಇಂಗ್ಲಿಷರ ಪಾಠವನ್ನಂತೂ ಕೈ ತಿರುಗಿಸಿ ತಿರುಗಿಸಿ ಹೇಳಿದಳು: "ಒಂದು ರೂಮು ಸಾಕು ಅಂತ ಬಾಡಿಗೆಗೆ ಬಂದರು ಕಣೇ. ನಯವಾಗಿ ಮಾತಾಡಿದರು. ಆಮೇಲೆ ಓನರ್‌ನೇ ಆಚೆ ದಬ್ಬಿ ಇಡೀ ಮನೆ ನುಂಗಿ ನೀರು ಕುಡಿದರು!"

ಮಾರನೇ ಬೆಳಗ್ಗೆ ನಲ್ಲೀಲಿ ಹನಿ ನೀರಿಲ್ಲ. ಓನರ್ ಆಂಟಿ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ನಾನೇನು ಕಿವುಡಿಯಾ? ಮನೆ ನುಂಗೋ ಪ್ಲ್ಯಾನು ನಿಮ್ಮ ನಡುಮನೇಲೇ ನಡೀತಾ ಇದೆ!" ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಆಂಟಿಯ ಮಗಳೇ ಇತಿಹಾಸದ ಪುಸ್ತಕ ತೆಗೆದುಕೊಂಡು ಹೋಗಿ, ಪುಟ ತೋರಿಸಿ, ಬಿಡಿಸಿ ಹೇಳಿದಳು.

ಆಂಟಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇಂಗ್ಲಿಷರಾ? ಸದ್ಯ! ಮೊದಲೇ ಹೇಳಬಾರದಾ?" ಅಂತ ನಲ್ಲಿ ಬಿಟ್ಟು, ಕೆಳಗೆ ನೋಡಿ ಅಂದರು: "ಆದ್ರೂ ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಸಿಕೊಂಡಿದ್ರೆ ನಮ್ಮ ದೇಶಕ್ಕೆ ಆ ಗತಿ ಬರ್ತಿರಲಿಲ್ಲ ಬಿಡ್ರೀ!"

೪. ಅಪ್ಪನ ಕೆಮ್ಮು

ಪಬ್ಲಿಕ್ ಪರೀಕ್ಷೆಯಲ್ಲಿ ಸಮಾಜದ ಪ್ರಶ್ನೆ ಓದ್ತಾ ಇದ್ದ ಹಾಗೇ ಹೂವಿನ ಹುಡುಗಿಯ ಕೈ ಕಣ್ಣ ಮುಂದೆ ತಿರುಗೋದು. 'ಬಾಡಿಗೆ' ಅಂತ ಬರೆದುಬಿಡದ ಹಾಗೆ ಪೆನ್ನು ಬಿಗಿ ಹಿಡಿದು ಬರೆದು ಬಂದೆ.

ರಿಸಲ್ಟ್ ದಿನ ಸ್ಕೂಲಿನ ಗೋಡೆಗೆ ಹಚ್ಚಿದ್ದ ಹಾಳೆಯ ಮುಂದೆ ಮೂವರೂ ಕೈ ಕೈ ಹಿಡಿದು ನಿಂತೆವು. ನನಗೆ ಫಸ್ಟ್ ಕ್ಲಾಸು. ಓನರ್ ಮಗಳು ಪಾಸು. ಹೂವಿನ ಹುಡುಗಿ ಲೆಕ್ಕದಲ್ಲೂ ಪಾಸು! ಅವತ್ತು ಅವರ ಅಂಗಡೀಲಿ ಹೂವು ಕೊಂಡವರಿಗೆಲ್ಲ ಮಾರಿಗೆ ಒಂದು ಗೇಣು ಜಾಸ್ತಿ ಸಿಕ್ಕಿತು.

ಸಂಜೆ ಅವಳು ನಮ್ಮಮ್ಮನಿಗೆ ಮಲ್ಲಿಗೆ ದಂಡೆ ತಂದಳು. ಓನರ್ ಮಗಳೂ ಬಂದಳು. ಅಪ್ಪ ಬಾಗಿಲ ಹತ್ತಿರ ನಿಂತು ಕೆಮ್ಮಿದರು. ಮತ್ತೆ ಕೆಮ್ಮಿದರು. "ಪಿಯುಸಿಗೆ ಸೈನ್ಸೇ ತಗೋಮ್ಮ" ಅಂದರು. ನಾನು ಕುಣಿಯೋದೊಂದು ಬಾಕಿ. ಅಪ್ಪ ಮಾತ್ರ ಅಲ್ಲಿಂದ ಕದಲಲಿಲ್ಲ. "ಅಲ್ಲಾ... ನಿಮ್ಮ ಈ ಕಂಬೈನ್ಡ್ ಸ್ಟಡಿ ರಜೆಯಲ್ಲೂ ಇರುತ್ತಾ?" ಅಂತ ಟ್ರಂಕ್ ತೆಗೆದು, ಇಲಾಖೆ ಪರೀಕ್ಷೆಯ ದಪ್ಪ ಪುಸ್ತಕ ತಂದು ಚಾಪೆ ಮೇಲಿಟ್ಟರು. "ಲೆಕ್ಕಪತ್ರದ ಭಾಗ ನಮ್ಮ ಹುಡುಗಿ ನೋಡ್ಕೋತಾಳೆ. ಈ ನಿಯಮಗಳೇ ತಲೇಲಿ ನಿಲ್ಲಲ್ಲ."

ಹೂವಿನ ಹುಡುಗಿ ಎರಡು ಪುಟ ತಿರುವಿ ಹಾಕಿ, "ಕೂತ್ಕೊಳ್ಳಿ ಅಂಕಲ್, ಇದೂ ವಠಾರದ ಜಗಳಾನೇ" ಅಂದಳು. ಅಪ್ಪ ಪಂಚೆ ಸರಿ ಮಾಡಿಕೊಂಡು, ಮಗ್ಗಿ ಒಪ್ಪಿಸೋಕೆ ಬಂದ ಹುಡುಗನ ಹಾಗೆ ಚಾಪೆ ಮೇಲೆ ಕೂತರು.

ಮಹಡಿಯಿಂದ ಆಂಟಿ ಕೂಗಿದರು: "ಪಾಠ ಶುರುವಾಯ್ತಾ? ನಲ್ಲಿ ಬಿಡ್ಲಾ?"

ಅಮ್ಮ ಕೊಡ ಎತ್ತಿಕೊಂಡು ಹಿತ್ತಲಿಗೆ ಓಡುವವಳು, ಬಾಗಿಲಲ್ಲಿ ನಿಂತು ಅಪ್ಪನ ಕಡೆ ತಿರುಗಿದಳು.

"ಸರಿಯಾಗಿ ಓದ್ರೀ! ಈ ಸಲವೂ ಪಾಸಾಗಲಿಲ್ಲಾಂದ್ರೆ ಗೊತ್ತಲ್ಲ? ಮೂಲೆ ಮನೆ ಟೈಪಿಂಗ್ ಇನ್‌ಸ್ಟಿಟ್ಯೂಟು!"