ಬಾವಿಯ ವಕೀಲನ ಗಂಟಲು

ತಾಂಡೂರಿನ ನಮ್ಮ ಓಣಿಗೆ ಒಬ್ಬ ಮುಂದಾಳು ಬೇಕು ಎಂಬ ಸತ್ಯ ನನಗೆ ಹೊಳೆದದ್ದು ಕ್ಷೌರಕ್ಕೆ ಕೂತಾಗ. ಮುಂದಾಳು ಅಂದರೆ ಮುಖದಲ್ಲಿ ಕಳೆ ಇರಬೇಕು, ಹಣೆ ಅಗಲ ಇರಬೇಕು, ದನಿ ಗಡುಸಾಗಿರಬೇಕು. ಇಂಥವನು ಈ ಓಣಿಯಲ್ಲಿ ಎಲ್ಲಿದ್ದಾನೆ ಎಂದು ಯೋಚಿಸುತ್ತ ಕೈಯಲ್ಲಿದ್ದ ಕನ್ನಡಿ ಎತ್ತಿದೆ. ಹುಡುಕಾಟ ಅಲ್ಲಿಗೇ ಮುಗಿಯಿತು!

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಠೇಸನ್ನಿನ ಹತ್ತಿರ ಫರಸಿ ಕಲ್ಲಿನ ಡಿಪೋದಲ್ಲಿ ಗುಮಾಸ್ತ. ವ್ಯಾಗನ್ನಿಗೆ ಏರುವ ಕಲ್ಲುಗಳನ್ನು ಗಟ್ಟಿಯಾಗಿ ಎಣಿಸುವುದು ನನ್ನ ಕೆಲಸ. ದಿನವಿಡೀ ಕಲ್ಲುಗಳ ಮುಂದೆ ಕೂಗುವವನಿಗೆ ಜನರ ಮುಂದೆ ಭಾಷಣ ಮಾಡುವುದು ಎಷ್ಟರದು? ಎರಡೂ ಕಡೆ ಎದುರು ಮಾತು ಬರುವುದಿಲ್ಲ. ಮೇಲಾಗಿ ಮದರಸಾದಲ್ಲಿ ನಾಲ್ಕು ಜಮಾತು ಉರ್ದು ಓದಿದ್ದೆ. ಸರ್ಕಾರ ನಿಜಾಮರದು, ಭಾಷೆ ಉರ್ದು. "ಹುಜೂರ್" ಎಂದು ಎಲ್ಲಿ ಎಳೆಯಬೇಕು, ಎಲ್ಲಿ ತುಂಡು ಮಾಡಬೇಕು ಎಂಬುದು ಓಣಿಯಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನೊಬ್ಬನೇ ನಂಬಿದ್ದೆ.

ಮುಂದಾಳಿಗೆ ತಕ್ಕ ಸಂಕಟವೂ ಸರಿಯಾದ ಹೊತ್ತಿಗೆ ಒದಗಿತು. ಕಲ್ಲಿನ ಗಾಡಿಗಳಿಗೆ ಠೇಸನ್ನಿನ ದಾರಿ ಸಾಲದು, ಅದನ್ನು ಅಗಲ ಮಾಡಬೇಕು, ಅದಕ್ಕಾಗಿ ನಮ್ಮ ಓಣಿಯ ಬಾಯಲ್ಲಿರುವ ಬಾವಿಯನ್ನು ಮುಚ್ಚಲಾಗುವುದು ಎಂದು ಡಂಗುರ ಹೊಡೆದರು. ಕೆಲವೇ ದಿನಗಳಲ್ಲಿ ತಹಶೀಲ್ದಾರ ಸಾಹೇಬರು ದೌರಾಕ್ಕೆ, ಅಂದರೆ ತಪಾಸಣೆಗೆ, ಬರುತ್ತಾರೆ, ಓಣಿಯ ಪರವಾಗಿ ಒಬ್ಬರು ಮಾತಾಡಬಹುದು, ಯಾರೂ ಬಾಯಿ ಬಿಡದಿದ್ದರೆ ಮರುದಿನವೇ ಬಾವಿಗೆ ಮಣ್ಣು. ಆಮೇಲೆ ನೀರು ಬೇಕೆಂದರೆ ಠೇಸನ್ನಿನ ಬಾವಿಯೇ ಗತಿ. ಹೋಗಿ ಬರುವುದರಲ್ಲಿ ಅರ್ಧ ಕೊಡ ತುಳುಕಿ, ಉಳಿದರ್ಧ ಬೆವರಿಗೆ ಸರಿಹೋಗುವಷ್ಟು ದೂರ. ಯಾವ ಗಾಡಿಗಳಿಗಾಗಿ ಬಾವಿ ಮುಚ್ಚಬೇಕೋ ಅದೇ ಗಾಡಿಗಳ ಕಲ್ಲನ್ನು ಎಣಿಸಿ ಹೊಟ್ಟೆ ಹೊರೆಯುವವನು ನಾನು ಎಂಬ ಸಣ್ಣ ವಿಷಯವನ್ನು ನಾನು ದೊಡ್ಡ ಮನಸ್ಸು ಮಾಡಿ ಮರೆತುಬಿಟ್ಟೆ.

ಮನೆಗೆ ಬಂದು ಹೆಂಡತಿ ಮಾಣಿಕಮ್ಮನಿಗೆ ಹೇಳಿದೆ. "ಓಣಿ ಪರವಾಗಿ ನಾನೇ ಮಾತಾಡಾಂವ."

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏನಂತ ಮಾತಾಡ್ತೀರಿ?"

"ಅದನ್ನ ಮೊದಲ ಸಭಾ ಮಾಡಿ ಠರಾವು ಮಾಡಬೇಕು."

"ಬಾಂವಿ ಮುಚ್ಚಬ್ಯಾಡ್ರಿ ಅನ್ನಾಕ ಸಭಾ ಯಾಕ ಬೇಕ್ರಿ?"

ಹೆಂಗಸರಿಗೆ ರಾಜಕಾರಣ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮನಸ್ಸಿನಲ್ಲೇ ಅಂದುಕೊಳ್ಳುವಷ್ಟು ರಾಜಕಾರಣ ನನಗೆ ತಿಳಿದಿತ್ತು.

ಆದರೆ ಸಭೆ ಸೇರಿಸುವುದು ಆ ಕಾಲದಲ್ಲಿ ಹುಡುಗಾಟವಲ್ಲ. ನಾಲ್ಕು ಜನ ಸೇರಿ ಗಂಟಲು ಸರಿಮಾಡಿಕೊಂಡರೆ ಸಾಕು, ಪರವಾನಗಿ ಎಲ್ಲಿ ಅಂತ ಪೊಲೀಸ್ ಠಾಣೆಯ ಅಮೀನ ಸಾಹೇಬರು ಕೇಳುತ್ತಿದ್ದರು. ಸಭೆ ಅಂದರೆ ಪರವಾನಗಿ ಸಿಗುವುದಿಲ್ಲ. ದೇವರ ಕಾರ್ಯ ಅಂದರೆ ಸಿಗುತ್ತದೆ. ಓಣಿಯ ಹಿರಿಯರಾದ ಶಾಂತಪ್ಪನವರು ಒಂದು ಸಂಜೆ ಭಜನೆ ಅಂತ ಹೇಳು, ತಾಳ ಒಂದು ಕಡೆ ಇಟ್ಟು ಮಾತಾಡಿ ಏಳೋಣ ಎಂದು ಸರಳವಾಗಿ ಹೇಳಿದ್ದರು. ನಾನು ಅಷ್ಟಕ್ಕೇ ನಿಲ್ಲುವ ಮುಂದಾಳೇ? ಒಂದು ಸಂಜೆ ಯಾವ ಮೂಲೆಗೆ ಸಾಕು! ಅಮೀನ ಸಾಹೇಬರ ಮುಂದೆ ನಿಂತು, ಏಳು ದಿನದ ಶಿವನಾಮ ಸಪ್ತಾಹ ಮಾಡುತ್ತೇವೆ ಹುಜೂರ್ ಎಂದುಬಿಟ್ಟೆ. ಏಳು ದಿನ ಸಭೆ ನಡೆಸುವ ನನ್ನ ಜಾಣತನಕ್ಕೆ ನನಗೇ ಮೈ ಜುಮ್ಮೆಂದಿತು.

ಅಮೀನರು ಖುಷಿಯಿಂದ ಒಪ್ಪಿದರು. ಬಂದೋಬಸ್ತಿಗೆ ಮೌಲಾಸಾಬ ಎಂಬ ಪೊಲೀಸ್ ಜವಾನನನ್ನೂ ಕೊಟ್ಟರು. ಸಪ್ತಾಹ ನಡುವೆ ಮುರಿದರೆ ಊರಿಗೆ ಕೇಡು ಅಂತಾರಲ್ಲ, ಮುರಿಯದಂತೆ ನೋಡಿಕೊಳ್ಳುವ ಜಿಮ್ಮೇದಾರಿ ನಿನ್ನದು, ಮುರಿದರೆ ನಿನ್ನನ್ನೇ ಕರೆಸುತ್ತೇನೆ ಎಂದು ನಗುತ್ತಲೇ ಹೇಳಿ ನನ್ನ ಹೆಸರು ಬರೆದುಕೊಂಡರು.

ನಾನು ಅಲ್ಲಿಯವರೆಗೆ ಸಪ್ತಾಹವನ್ನು ಊಟದ ಪಂಕ್ತಿಯ ಕಡೆಯಿಂದ ಮಾತ್ರ ನೋಡಿದ್ದೆ. ಅದರ ಕಟ್ಟಳೆ ಗೊತ್ತಾದದ್ದು ಮೊದಲ ದಿನ ಹಂದರದೊಳಗೆ ಕಾಲಿಟ್ಟ ಮೇಲೆ. ದೀಪ ಆರಬಾರದು. ತಾಳ ನಿಲ್ಲಬಾರದು, ನೆಲಕ್ಕೆ ತಾಗಬಾರದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೂ ಅದು ಬಾರಿಸುತ್ತಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಂದರದೊಳಗೆ ಬಂದ ಬಾಯಿಯಿಂದ "ಓಂ ನಮಃ ಶಿವಾಯ" ಬಿಟ್ಟು ಬೇರೆ ಒಂದಕ್ಷರ ಹೊರಡಬಾರದು!

ಆದರೂ ನಾನು ಸೋಲಲಿಲ್ಲ. ನೆರೆಮನೆಯ ವೈಜಿನಾಥನ ಕಿವಿಯ ಹತ್ತಿರ ಬಾಗಿ ಬಾವಿಯ ವಿಷಯ ತೆಗೆದೆ. ಶಾಂತಪ್ಪನವರು ತಾಳ ಬಡಿಯುತ್ತಲೇ ನನ್ನತ್ತ ನೋಡಿದ ನೋಟಕ್ಕೆ ಹಂದರದ ತೆಂಗಿನ ಗರಿಗಳೇ ಬಾಡಿದವು. ಭಜನೆ ಅಂದರೆ ನೆಪ, ಸಪ್ತಾಹ ಅಂದರೆ ವ್ರತ; ಅವರು ನೆಪಕ್ಕೆ ಒಪ್ಪಿದ್ದರೇ ಹೊರತು ವ್ರತ ಕೆಡಿಸುವುದಕ್ಕಲ್ಲ. ಸರಿ, ಹೊರಗೆ ಹೋಗಿ ಮಾತಾಡೋಣವೆಂದು ನಾಲ್ಕು ಜನರನ್ನು ಎಬ್ಬಿಸಿಕೊಂಡು ಹೊರಬಂದರೆ ಅಲ್ಲಿ ಮೌಲಾಸಾಬ.

"ಹೊರಗ ಗುಂಪು ಕೂಡಬ್ಯಾಡ್ರಿ," ಅಂದ ಆತ, ಬಹಳ ಮರ್ಯಾದೆಯಿಂದ. "ಪರವಾನಗಿ ಒಳಗಿಂದು ಅಷ್ಟ ಅದ."

ಒಳಗೆ ಮಾತಾಡಿದರೆ ಶಿವನ ಸಿಟ್ಟು, ಹೊರಗೆ ಮಾತಾಡಿದರೆ ಸರ್ಕಾರದ ಸಿಟ್ಟು. ಇಡೀ ತಾಂಡೂರಿನಲ್ಲಿ ಒಂದೇ ಒಂದು ಮಾತೂ ಆಡಲಾಗದ ಜಾಗವನ್ನು ನಾನು ಸ್ವಂತ ಬುದ್ಧಿಯಿಂದ, ಸರ್ಕಾರದ ಮಂಜೂರಾತಿಯಿಂದ, ಬಿದಿರಿನ ಕಂಬ ನೆಟ್ಟು ಕಟ್ಟಿಸಿದ್ದೆ!

ಇದಕ್ಕೆ ಸುಗ್ಗಿಯೂ ಸೇರಿಕೊಂಡಿತು. ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಓಣಿಯ ಪ್ರತಿ ಮನೆಗೂ ಒಂದೊಂದು ಪಹರೆ, ಅಂದರೆ ತಾಳ ಬಾರಿಸುವ ಸರದಿ, ಹಂಚಿದ್ದರೂ ಎರಡನೆಯ ದಿನದಿಂದಲೇ ಒಬ್ಬೊಬ್ಬರಾಗಿ ಹೊಲಕ್ಕೆ ಜಾರಿದರು. ಜಾರುವವರೆಲ್ಲ ತಾಳವನ್ನು ತಂದು ಕೊಡುತ್ತಿದ್ದದ್ದು ಯಾರ ಕೈಗೆ? ಅಮೀನರ ಹತ್ತಿರ ಯಾರ ಹೆಸರಿತ್ತೋ ಅವನ ಕೈಗೆ. ಮುಂದಾಳು ಅಂದರೆ ಎಲ್ಲರೂ ಹಿಂದೆ ಸರಿದಾಗ ಮುಂದೆ ಉಳಿಯುವವನು ಎಂದು ನನಗೆ ಆಗ ಅರ್ಥವಾಯಿತು.

ಡಿಪೋಕ್ಕೆ ಹೋಗುವ ಮೊದಲು ಒಂದು ಪಹರೆ, ಬಂದ ಮೇಲೆ ಎರಡು. ಮೌಲಾಸಾಬನಾದರೂ ನನ್ನ ದನಿ ತಗ್ಗಿದರೆ ಹಂದರದ ಬಾಗಿಲಲ್ಲಿ ನಿಂತು ಲಾಠಿಯಿಂದ ನೆಲಕ್ಕೆ ತಾಳ ಹಾಕುತ್ತಿದ್ದ. ಆತ ಒಳ್ಳೆಯ ಪದಗಾರ. ಶ್ರುತಿ ತಪ್ಪಿದರೆ ಕಾನೂನು ತಪ್ಪಿದಷ್ಟೇ ನೊಂದುಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಡಿಪೋದಲ್ಲಿ ವ್ಯಾಗನ್ನಿನ ಮುಂದೆ ನಿಂತವನು ಎಣಿಕೆ ಶುರುಮಾಡಿದೆ. ಹಮಾಲರು ಒಂದು ಕಲ್ಲು ಇಟ್ಟರು, "ಓಂ ನಮಃ ಶಿವಾಯ" ಅಂದೆ. ಇನ್ನೊಂದು ಇಟ್ಟರು, "ಓಂ ನಮಃ ಶಿವಾಯ" ಅಂದೆ. ಶಿವನಾಮಕ್ಕೆ ಕೊನೆಯುಂಟೆ? ನಾನು ಸಾಕು ಅನ್ನಲಿಲ್ಲ, ಅವರು ನಿಲ್ಲಿಸಲಿಲ್ಲ. ವ್ಯಾಗನ್ನಿನ ಗಾಲಿ ನರಳಿದಾಗ ಠೇಸನ್ ಮಾಸ್ತರರು ಓಡಿಬಂದರು, ಅವರ ಹಿಂದೆ ನಮ್ಮ ಸೇಠಜಿ ಬಂದರು. ಏರಿಸಿದ್ದನ್ನೆಲ್ಲ ಇಳಿಸಿ ಮತ್ತೆ ಎಣಿಸುವ ಹೊತ್ತಿಗೆ ಹಮಾಲರು ನನ್ನ ಬಗ್ಗೆ ಆಡಿದ ತೆಲುಗು ಮಾತುಗಳನ್ನು ಇಲ್ಲಿ ಬರೆಯಲಾರೆ. ಕನ್ನಡದಲ್ಲಿ ಅವಕ್ಕೆ ಅಷ್ಟು ಖಾರ ಬರುವುದಿಲ್ಲ.

ಐದನೆಯ ದಿನ ನನ್ನ ದನಿ ಬಿರುಕು ಬಿಟ್ಟಿತು. ಆರನೆಯ ದಿನ ಕೋಳಿಯಂತೆ ಕ್ಯಾರ್ ಅಂದಿತು. ಮಾಣಿಕಮ್ಮ ಮೆಣಸಿನ ಕಷಾಯ ಕುದಿಸಿಕೊಟ್ಟಳು. ಕೊಡುವಾಗ ಮುಖದಲ್ಲಿ ಕನಿಕರವಿತ್ತು, ಇಲ್ಲವೆನ್ನಲಾರೆ; ಜೊತೆಗೆ ಹಬ್ಬದ ಕಳೆಯೂ ಇತ್ತು. ಮದುವೆಯಾದಾಗಿನಿಂದ ಆಕೆ ಮಾತು ಶುರುಮಾಡಿ ತಾನೇ ಮುಗಿಸಿದ್ದು ಆ ವಾರವೇ ಮೊದಲು.

ಅದೇ ವಾರ ಇನ್ನೊಂದನ್ನು ಗಮನಿಸಿದೆ. ಡಿಪೋಕ್ಕೆ ಹೋಗುವಾಗಲೂ ಬರುವಾಗಲೂ ಬಾವಿಕಟ್ಟೆಯ ಮೇಲೆ ಹೆಂಗಸರ ದೊಡ್ಡ ಗುಂಪು. ಮಾಣಿಕಮ್ಮ ನಡುವೆ, ಓಣಿಯ ನಡುವಿನ ಮನೆಯ ಈರಮ್ಮ ಪಕ್ಕದಲ್ಲಿ, ಸುತ್ತಲೂ ಓಣಿಯ ಅತ್ತೆ ಸೊಸೆಯರು. ಕೈ ಆಡಿಸುತ್ತಾರೆ, ಗೋಣು ಹಾಕುತ್ತಾರೆ, ಒಬ್ಬಾಕೆ ಹೇಳಿದ್ದನ್ನು ಇನ್ನೊಬ್ಬಾಕೆ ತಿದ್ದುತ್ತಾಳೆ. ಮೌಲಾಸಾಬ ಪಕ್ಕದಲ್ಲೇ ಹಾದು ಹೋಗಿ, ಕುಡಿಯಲು ನೀರನ್ನೂ ಕೇಳಿ ಇಸಕೊಂಡು, ಮುಂದೆ ಹೋಗುತ್ತಾನೆ. ನೀರು ಸೇದುವುದಕ್ಕೆ ಪರವಾನಗಿ ಎಂದು ಯಾರು ಕೇಳುತ್ತಾರೆ?

ಏನು ಮಾತು ನಡೆದಿದೆ ಎಂದು ಕೈಸನ್ನೆಯಲ್ಲೇ ಕೇಳಿದೆ.

"ಏನಿಲ್ರಿ, ನೀರಿನ ಮಾತು," ಅಂದಳು ಮಾಣಿಕಮ್ಮ. "ನೀವು ನಿಮ್ಮ ಸಭಾ ನಡಸ್ರಿ."

ಏಳನೆಯ ದಿನ ಮಂಗಳವಾಯಿತು. ಸಪ್ತಾಹ ಮುರಿಯಲಿಲ್ಲ. ನಾನು ಮುರಿದಿದ್ದೆ. ಠರಾವು ಆಗಿರಲಿಲ್ಲ, ಭಾಷಣ ಮಾತ್ರ ಸಿದ್ಧವಿತ್ತು; ತಾಳ ಬಾರಿಸುತ್ತಲೇ ತಲೆಯೊಳಗೆ ಕಟ್ಟಿದ್ದೆ. ಗುಲಾಬಿ ನೀರು ಚಿಮುಕಿಸಿದಂಥ ಉರ್ದು! ನಡುನಡುವೆ ಕಣ್ಣೀರು ತರಿಸಲು ಸ್ವಲ್ಪ ಕನ್ನಡ. ಒಂದು ರಾತ್ರಿಯ ನಿದ್ದೆಗೆ ದನಿ ಮರಳುತ್ತದೆ ಎಂದು ನಂಬಿ ಮಲಗಿದೆ.

ಮರುದಿನ ಹೊತ್ತೇರಿದ ಮೇಲೆ ತಹಶೀಲ್ದಾರ ಸಾಹೇಬರು ಬಂದರು. ಕೊಡಂಗಲ್ ಕಡೆಯಿಂದ ಕುದುರೆಯ ಮೇಲೆ ಬಂದಿದ್ದರು. ಹುಬ್ಬಿನ ಮೇಲೆ ಧೂಳು, ತುಟಿಯ ಮೇಲೆ ಧೂಳು. ಬಾವಿಯ ಎದುರಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದ್ದೆವು. ಈ ಓಣಿಯಿಂದ ಯಾರು ಮಾತಾಡುವವರು ಎಂದು ಸಾಹೇಬರ ಕಾಗದಪತ್ರ ನೋಡುವ ಪೇಷಕಾರ ಕೇಳಿದ. ಗಂಡಸರೆಲ್ಲ ನನ್ನತ್ತ ನೋಡಿದರು. ನಾನು ತಲೆಯ ಪಟಗಾ ಸರಿಮಾಡಿಕೊಂಡು ಮುಂದೆ ಬಂದು, ಬಾಗಿ ಸಲಾಮು ಮಾಡಿ, ಎದೆ ತುಂಬ ಉಸಿರು ತುಂಬಿಕೊಂಡು, ಇತಿಹಾಸವೇ ಕಿವಿಗೊಟ್ಟು ಕೇಳುವಂತೆ ಬಾಯಿ ತೆರೆದೆ.

ಎಣ್ಣೆ ಕಾಣದ ರಾಟೆ ಒಂದು ಸುತ್ತು ತಿರುಗಿದಂಥ ಸದ್ದು ಬಂತು. ಆಮೇಲೆ ಅದೂ ಇಲ್ಲ.

"ಬೋಲೋ ಜೀ," ಅಂದರು ಸಾಹೇಬರು.

ಮತ್ತೆ ತೆರೆದೆ. ಬರೀ ಗಾಳಿ. ಕುದುರೆ ಮಾತ್ರ ಕಿವಿ ನಿಮಿರಿಸಿತು. ಓಣಿಯ ಗಂಡಸರು ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡತೊಡಗಿದರು. ಯಾರೂ ಬಾಯಿ ಬಿಡದಿದ್ದರೆ ನಾಳೆ ಮಣ್ಣು! ನಾನು ಗಾಬರಿಯಾಗಿ ಗಂಟಲು ತೋರಿಸಿದೆ, ಬಾವಿ ತೋರಿಸಿದೆ, ಮತ್ತೆ ಗಂಟಲು ತೋರಿಸಿದೆ. ಸಾಹೇಬರು ಇವನಿಗೆ ಮೊದಲು ನೀರು ಕೊಡಿ, ನನಗೂ ಕೊಡಿ ಎಂದರು.

ಯಾರೂ ಕದಲಲಿಲ್ಲ. ಆಗ ನೋಡಿದೆ. ಬಾವಿಕಟ್ಟೆಯ ಮೇಲೆ ಓಣಿಯ ಕೊಡಗಳೆಲ್ಲ ಸಾಲಾಗಿ ಬೋರಲು ಬಿದ್ದಿದ್ದವು. ರಾಟೆಯ ಮೇಲೆ ಹಗ್ಗವಿರಲಿಲ್ಲ.

ಹೆಂಗಸರ ಗುಂಪಿನಿಂದ ಮಾಣಿಕಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು.

"ನೀರಿಲ್ರಿ ಸಾಹೇಬ್ರ. ಬಾಂವಿ ಬಂದ್ ಅಂತ ಡಂಗುರ ಹೊಡಿಸೀರಿ. ಸರ್ಕಾರದ ಹುಕುಂ ಮೀರಬಾರದಂತ ನಾವು ಮುಂಜಾನೇನೇ ಹಗ್ಗ ತಗದಿಟ್ಟೇವಿ. ಈರಮ್ಮ ಠೇಸನ್ ಬಾಂವಿಗಿ ಹೋಗ್ಯಾಳ, ಬರತಾಳ. ತುಸು ಕೂಡ್ರಿ."

ಸಾಹೇಬರು ನನ್ನ ಕಡೆ ಬೆರಳು ಮಾಡಿ, ಈ ಮನುಷ್ಯನಿಗೇನಾಗಿದೆ ಎಂದು ಕೇಳಿದರು.

"ಇವರು ನಮ್ಮ ಮನಿಯವರು ರೀ. ವಾರದ ಹಿಂದ ಇವರು ಮಾತಾಡಿದ್ರ ಠೇಸನ್ ತನ ಕೇಳತಿತ್ತು. ಡಂಗುರ ಹೊಡದ ಮ್ಯಾಲ ದಿನಾ ಒಂದೀಟು ಒಂದೀಟು ಗಂಟಲ ಒಣಗಿ ಹಿಂಗ ಆಗ್ಯಾರ. ಇನ್ನಾ ಬಾಂವಿ ಮುಚ್ಚಿಲ್ಲ, ಆಗಳೇ ಈ ಗತಿ."

ಒಂದಕ್ಷರ ಸುಳ್ಳಿಲ್ಲ. ಅದೇ ನನ್ನ ಗೋಳು! ಅಲ್ಲ ಸ್ವಾಮಿ, ಇದು ಸಪ್ತಾಹದ ಗಂಟಲು ಎಂದು ಹೇಳಲು ಗಂಟಲು ಬೇಕಲ್ಲ? ಸಾಹೇಬರು ನಂಬಲಾರದೆ ಮೌಲಾಸಾಬನ ಕಡೆ ತಿರುಗಿದರು. ಇವನಾದರೂ ನಿಜ ಹೇಳಿ ನನ್ನ ಮರ್ಯಾದೆ ಉಳಿಸುತ್ತಾನೆ ಎಂದು ನಾನೂ ತಿರುಗಿದೆ.

"ಖರೇ ಅದ ಹುಜೂರ್," ಅಂದ ಮೌಲಾಸಾಬ, ಬೇವಿನ ಗಿಡದ ತುದಿ ನೋಡುತ್ತ. "ನಾ ದಿನಾ ನೋಡೀನಿ. ಕಣ್ಣ ಮುಂದ ದನಿ ಇಳದು ಹೋತು."

ಸಾಹೇಬರು ಕೂತರು. ಬಿಸಿಲು ಏರಿತು. ಪೇಷಕಾರ ತುಟಿ ಸವರಿಕೊಂಡ. ಕುದುರೆ ಬಾವಿಯ ಕಡೆ ಕತ್ತು ಚಾಚಿ ನಿಂತುಬಿಟ್ಟಿತು. ಈರಮ್ಮ ಬರಲಿಲ್ಲ. ಆಕೆಗೆ ಹೋಗುವಾಗ ಒಂದು ಮನೆಯಲ್ಲಿ ಕೂತು ಬಾ, ಬರುವಾಗ ಎರಡು ಮನೆಯಲ್ಲಿ ಕೂತು ಬಾ ಎಂದು ಬಾವಿಕಟ್ಟೆಯ ಸಭೆ ಠರಾವು ಮಾಡಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಸಾಹೇಬರು ಒಮ್ಮೆ ದಾರಿ ನೋಡಿದರು, ಒಮ್ಮೆ ಬೋರಲು ಕೊಡ ನೋಡಿದರು, ಒಮ್ಮೆ ಮಾದರಿಗೆ ನಿಲ್ಲಿಸಿದ ನನ್ನನ್ನು ನೋಡಿದರು. ಕೊನೆಗೆ ಪೇಷಕಾರನನ್ನು ಕರೆದು ಬರೆಸಿದರು: ಬಾವಿ ಇದ್ದಲ್ಲಿಯೇ ಇರತಕ್ಕದ್ದು, ದಾರಿ ಕಲ್ಲಿನ ಡಿಪೋದ ಅಂಗಳದ ಕಡೆಯಿಂದ ತಿರುಗತಕ್ಕದ್ದು. ಬರೆದ ಶಾಯಿ ಒಣಗುವ ಮೊದಲೇ ರಾಟೆಗೆ ಹಗ್ಗ ಬಂತು. ಸಾಹೇಬರು ಕುಡಿದರು, ಕುದುರೆ ಕುಡಿಯಿತು. ನನಗೆ ಕೊಡುವುದನ್ನು ಎಲ್ಲರೂ ಮರೆತರು.

ಅಂಗಳ ಕಳೆದುಕೊಂಡ ಸೇಠಜಿ ಮರುದಿನ ಡಿಪೋದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಬೈದರು. ನಾನು ಎದುರಾಡಲಿಲ್ಲ. ನನ್ನ ವಿನಯಕ್ಕೆ ಅವರೇ ಕರಗಿ ನೌಕರಿ ಉಳಿಸಿದರು.

ಸಂಜೆ ಶಾಂತಪ್ಪನವರು ಮನೆಗೆ ಬಂದು ಬೆನ್ನು ತಟ್ಟಿದರು. "ಚೊಲೋ ಮಾಡಿದ್ಯೋ ತಮ್ಮಾ. ನಿನ್ನ ದನಿ ಇದ್ದಿದ್ರ ಬಾಂವಿ ಹೋಗತಿತ್ತು."

ಅವರು ಹೋದ ಮೇಲೆ ಮಾಣಿಕಮ್ಮ ಕಷಾಯದ ಬಟ್ಟಲು ಮುಂದಿಟ್ಟು ಪಕ್ಕದಲ್ಲಿ ಕೂತಳು. ಅಷ್ಟು ಹತ್ತಿರ, ಅಷ್ಟು ಮೆತ್ತಗೆ ಆಕೆ ಕೂತದ್ದು ಕಂಡೇ ನನಗೆ ಅನುಮಾನ ಬರಬೇಕಿತ್ತು.

"ಓಣ್ಯಾಗ ಕತ್ತಲಿ ಭಾಳ ಅದ, ಒಂದು ಕಂದೀಲ ಕಂಬ ಕೇಳಬೇಕಂತ ಬಾಂವಿಕಟ್ಟಿ ಮ್ಯಾಲ ಮಾತಾಗ್ಯಾದ್ರಿ," ಅಂದಳು. "ಅದಕ್ಕ ಕತ್ತಲಾಗ ಬಿದ್ದು ಕಾಲು ಮುರಕೊಂಡವರು ಒಬ್ಬರು ಬೇಕು. ಎಲ್ಲಾರೂ ನಿಮ್ಮ ಹೆಸರೇ ಹೇಳ್ಯಾರ. ಬ್ಯಾಡ ಅನ್ನೂದಿದ್ರ ಈಗಲೇ ಬಾಯಿ ಬಿಟ್ಟು ಹೇಳಿಬಿಡ್ರಿ."