ದೋಷವಿದ್ದರೆ ಮಾತ್ರ ಬರೆಯಿರಿ

ನಮ್ಮ ಚಿಕ್ಕಪ್ಪ ಹುಟ್ಟಿದಾಗ ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತಿದ್ದರೆ ಮೊದಲು ಗಡಿಯಾರ ನೋಡಿಯೇ ಅತ್ತಿರುತ್ತಾರೆ!

ಫೋರ್ಟ್ ಬಡಾವಣೆಯ ಒಂದು ಕಂಪನಿಯಲ್ಲಿ ಅವರು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುತ್ತಿದ್ದರು. ಯಂತ್ರ ಒಳಗೊಳಗೇ ಏನು ಮಾಡುತ್ತಿದೆ ಎಂದು ತಿಳಿಯಲು ಇಪ್ಪತ್ತು ಸಾಲಿನ ಒಂದು ಪುಟ್ಟ ಉಪಾಯ ಹೂಡಿದ್ದರು. ಯಾವ ಪ್ರೋಗ್ರಾಮಿಗೆ ಜೋಡಿಸಿದರೂ ಅದು ಸಮಯದೊಂದಿಗೆ ವರದಿ ಒಪ್ಪಿಸುತ್ತಿತ್ತು. ಸಾಮಾನ್ಯ ಸಂಗತಿಯಾದರೆ ‘ಮಾಹಿತಿ’, ಅನುಮಾನವಿದ್ದರೆ ‘ಎಚ್ಚರಿಕೆ’, ಕೆಟ್ಟರೆ ‘ದೋಷ’. ಸಾಹೇಬರು ಒಂದು ಪುಟದ ಹಾಜರಿ ಪಟ್ಟಿ ಕೇಳಿದರೆ, ಅದನ್ನು ತಯಾರಿಸಿದ ಕಥೆ ನಲವತ್ತು ಪುಟ ಬರುತ್ತಿತ್ತು.

ಆ ಅಭ್ಯಾಸವನ್ನು ಆಫೀಸಿನಲ್ಲೇ ಬಿಟ್ಟು ಬರಬಾರದೇ? ಬೊರಿವಲಿಯ ಮನೆಗೂ ಒಂದು ನೋಟ್‌ಬುಕ್ ಬಂತು. ನಾನಾಗ ಅವರ ಜೊತೆಗೇ ಇದ್ದೆ.

‘7.05 ಮಾಹಿತಿ: ಹಾಲು ಬಂತು. 7.20 ಎಚ್ಚರಿಕೆ: ನಲ್ಲಿ ಸಣ್ಣಗಾಗಿದೆ. 7.40 ದೋಷ: ತಿಂಡಿಗೆ ಉಪ್ಪಿಲ್ಲ.’

“ಬರೆಯೋ ಬದಲು ಉಪ್ಪು ಹಾಕ್ಕೋಬಾರ್ದಾ ರೀ?” ಎಂದರು ಚಿಕ್ಕಮ್ಮ.

“ಸರಿಮಾಡೋದು ಬೇರೆ ಡಿಪಾರ್ಟ್‌ಮೆಂಟ್ ಕಣೇ.”

ಒಂದು ಭಾನುವಾರ ಚಿಕ್ಕಮ್ಮನ ಅಣ್ಣ ಬಂದವರು ನೋಟ್‌ಬುಕ್ ತೆರೆದರು. ‘6.00 ಎಚ್ಚರಿಕೆ: ಭಾವ ಇನ್ನೂ ಹೊರಟಿಲ್ಲ. 8.00 ದೋಷ: ಊಟಕ್ಕೂ ನಿಂತರು.’ ಅವರು ಊಟ ಮಾಡದೆ ಲೋಕಲ್ ರೈಲು ಹಿಡಿದರು.

ಚಿಕ್ಕಮ್ಮನಿಗೆ ಸಾಕಾಯಿತು. “ಇನ್ಮೇಲೆ ದೋಷ ಇದ್ರೆ ಮಾತ್ರ ಬರೀರಿ. ಬಾಕಿದೆಲ್ಲ ಬಂದ್!”

“ಅದಕ್ಕೂ ವ್ಯವಸ್ಥೆ ಇದೆ,” ಎಂದು ಚಿಕ್ಕಪ್ಪ ಒಪ್ಪಿದರು. ಆಫೀಸಿನ ಪ್ರೋಗ್ರಾಮಿನಲ್ಲೂ ಮಾಹಿತಿ, ಎಚ್ಚರಿಕೆ ಎಂಬ ಕೆಳಗಿನ ಮಟ್ಟಗಳ ಬಾಯಿ ಮುಚ್ಚಿಸಬಹುದಿತ್ತಂತೆ. ಎರಡು ತಿಂಗಳು ನೋಟ್‌ಬುಕ್ ಹೆಚ್ಚುಕಡಿಮೆ ಖಾಲಿಯಿತ್ತು. ಮನೆ ನೆಮ್ಮದಿಯಾಗಿತ್ತು.

ಆಮೇಲೊಂದು ಬೆಳಿಗ್ಗೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಚಿಕ್ಕಮ್ಮ ಉಸಿರು ಸಿಗದೆ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಈ ತೊಂದರೆ ಎಂದಿನಿಂದ ಎಂದು ವಿಚಾರಿಸಿದರು: “ಯೇ ತಕ್ಲೀಫ್ ಕಬ್ ಸೇ ಹೈ?”

ಚಿಕ್ಕಪ್ಪ ಚೀಲದಿಂದ ನೋಟ್‌ಬುಕ್ ತೆಗೆದು ಹಾಳೆ ತಿರುವಿದರು. ಮತ್ತೆ ತಿರುವಿದರು.

“ಮೆಟ್ಲು ಹತ್ತಿದ್ರೆ ಸುಸ್ತಾಗತ್ತೆ ಅಂತ ಹೇಳಿದ್ಲು ಕಣೋ,” ಎಂದರು ನನಗೆ. “ಯಾವತ್ತು ಅಂತ ನೆನಪಿಲ್ಲ. ಅದು ಬರೀ ಮಾಹಿತಿ ಅಂತ ನಾನು ಬರೀಲಿಲ್ಲ.” ಆ ನೋಟ್‌ಬುಕ್ಕನ್ನು ನೋಡಿ ಅಷ್ಟು ದಿನ ನಕ್ಕಿದ್ದ ನನಗೆ ಅಳು ಬಂತು.

ಹೃದಯದ ಆಪರೇಷನ್ ಆಗಿ ಚಿಕ್ಕಮ್ಮ ಮನೆಗೆ ಬಂದರು. ಚಿಕ್ಕಪ್ಪ ಅಂದೇ ಎಲ್ಲ ಮಟ್ಟಗಳನ್ನೂ ತೆರೆದರು. ‘6.10 ಮಾಹಿತಿ: ಎದ್ದಳು. 6.12 ಮಾಹಿತಿ: ಉಸಿರು ಸರಾಗ. 6.15 ಮಾಹಿತಿ: ನನ್ನನ್ನು ಬೈದಳು.’

ಚಿಕ್ಕಮ್ಮ ಅದನ್ನು ಓದಿ ನೋಟ್‌ಬುಕ್ ಅವರ ಕೈಗೇ ಕೊಟ್ಟರು. ಓಡಾಡುವಷ್ಟು ಚೇತರಿಸಿಕೊಂಡ ಮೇಲೆ ಮೆಟ್ಟಿಲು ಹತ್ತಿ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು:

“ರೀ, ಬರ್ಕೊಳ್ಳಿ. ಬಂದೆ. ಸುಸ್ತಾಗಿಲ್ಲ.”